ಹೊಲದಂಚಿನ ಹರಳು, ಲೇಸರಿನ ಪುಡಿ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣದ ಕಡೆ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುವ ರೂಢಿಯಿದೆ. ಅವರೆ, ತೊಗರಿ, ಹುಚ್ಚೆಳ್ಳು, ಜೋಳದ ಜೊತೆಗೆ ಹೊಲದಂಚಿಗೆ ನಾಲ್ಕಾರು ಹರಳು ಗಿಡ. ಅದರ ಎಣ್ಣೆ ಮಗುವಿನ ನೆತ್ತಿಗೆ, ಹಬ್ಬದ ಎಣ್ಣೆಸ್ನಾನಕ್ಕೆ, ದೇವರ ದೀಪಕ್ಕೆ, ಎತ್ತಿನ ಗಾಡಿಯ ಕೀಲಿಗೆ. ಉಳಿದ ಹಿಂಡಿ ಹೊಲಕ್ಕೆ ಗೊಬ್ಬರ. ಇದೇ ಎಣ್ಣೆಯಿಂದ ಒಂದು ಜಾತಿಯ ನೈಲಾನ್ ತಯಾರಾಗುತ್ತದೆ. ಆ ನೈಲಾನನ್ನು ಹಿಟ್ಟಿನಂತೆ ನುಣ್ಣಗೆ ಪುಡಿ ಮಾಡಿ, ಲೇಸರ್ ಕಿರಣದಿಂದ ಪದರ ಪದರವಾಗಿ ಬೆಸೆದು, ಕೃತಕ ಕಾಲಿನ ಬಟ್ಟಲು, ಡ್ರೋನಿನ ಬಿಡಿಭಾಗ, ವಿಮಾನದ ಗಾಳಿಕೊಳವೆಗಳನ್ನು ಮಾಡುತ್ತಾರೆ.

ಆ ಪುಡಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನು ಬೆರೆಸಿದರೆ ಅದರ ಗುಣವೇ ಬದಲಾಗುತ್ತದೆ. ಕೆಲವು ಕಣಗಳು ಗಟ್ಟಿತನ ಕೊಡುತ್ತವೆ, ಕೆಲವು ಬೆಂಕಿ ತಡೆಯುತ್ತವೆ, ಕೆಲವು ವಿದ್ಯುತ್ ಹರಿಯಲು ದಾರಿ ಮಾಡುತ್ತವೆ. ಹೀಗೆ ಬೆರೆಸಿದ ಪುಡಿಗೆ ಪಾಲಿಮರ್ ನ್ಯಾನೊ ಕಾಂಪೊಸಿಟ್ ಪುಡಿ ಎಂದು ಹೆಸರು. ಇದನ್ನು ಹೆಚ್ಚಾಗಿ ಜರ್ಮನಿ, ಫ್ರಾನ್ಸ್, ಅಮೆರಿಕದ ಪ್ರಯೋಗಾಲಯಗಳ ಜೊತೆ ಸೇರಿಸಿ ಮಾತಾಡುತ್ತಾರೆ. ಆದರೆ ಅದರೊಳಗಿರುವ ಪದಾರ್ಥಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹೊಲ, ಅಕ್ಕಿ ಗಿರಣಿ, ಒಲೆಗಳಲ್ಲಿ ದಿನಾ ಕಾಣುವಂಥವೇ ಎದುರಾಗುತ್ತವೆ. ಪದಾರ್ಥ ಅಪರೂಪದ್ದಲ್ಲ. ಅಪರೂಪದ್ದು ಹದ. ಎಷ್ಟು ಬೆರೆಸಬೇಕು, ಹೇಗೆ ಬೆರೆಸಬೇಕು, ಎಷ್ಟು ಕಾವಿನಲ್ಲಿ ಹಿಡಿದಿಡಬೇಕು ಎನ್ನುವುದರಲ್ಲೇ ಈ ವಿದ್ಯೆಯೆಲ್ಲ ಇದೆ.

ಪುಡಿಯಿಂದ ವಸ್ತು ಕಟ್ಟುವುದು

ಹೀಗೆ ಪದರ ಪದರವಾಗಿ ವಸ್ತು ಕಟ್ಟುವ ತ್ರೀಡಿ ಪ್ರಿಂಟಿಂಗ್ ಎಂದರೆ ಬೆಂಗಳೂರಿನ ಹಲಸೂರು ಬಳಿಯ ಕೇಂಬ್ರಿಡ್ಜ್ ಲೇಔಟ್‌ನ ಅಂಚೆ ಕಚೇರಿ ಹಲವರ ನೆನಪಿಗೆ ಬರಬಹುದು. 2023ರ ಆಗಸ್ಟ್ 18ರಂದು ಉದ್ಘಾಟನೆಯಾದ ಆ 1,021 ಚದರ ಅಡಿಯ ಕಟ್ಟಡದ ಗೋಡೆಗಳನ್ನು ಯಂತ್ರವೇ ಕಾಂಕ್ರೀಟನ್ನು ಪದರ ಪದರವಾಗಿ ಸುರಿದು ಕಟ್ಟಿತು. ತತ್ವ ಅದೇ. ಆದರೆ ಇಲ್ಲಿ ಹೇಳಹೊರಟಿರುವ ಯಂತ್ರದಲ್ಲಿ ಸುರಿಯುವ ಕೆಲಸವಿಲ್ಲ. ಒಂದು ಪೆಟ್ಟಿಗೆ, ಅದರ ತಳದಲ್ಲಿ ಇಳಿಯುವ ಹಲಗೆ, ಪಕ್ಕದಲ್ಲಿ ಪುಡಿ ತುಂಬಿದ ಇನ್ನೊಂದು ಪೆಟ್ಟಿಗೆ. ಒಂದು ಉರುಳೆ ಬಂದು ಪುಡಿಯನ್ನು ಹಲಗೆಯ ಮೇಲೆ ಸುಮಾರು 0.1 ಮಿಲಿಮೀಟರ್ ದಪ್ಪಕ್ಕೆ ಹರಡಿ ಹೋಗುತ್ತದೆ. ಮೇಲಿನಿಂದ ಲೇಸರ್ ಕಿರಣ ಬಂದು ಬೇಕಾದ ಆಕಾರದಷ್ಟು ಜಾಗದ ಪುಡಿಯನ್ನು ಮಾತ್ರ ಕರಗಿಸಿ ಬೆಸೆಯುತ್ತದೆ. ಹಲಗೆ ಒಂದು ಪದರದಷ್ಟು ಕೆಳಗಿಳಿಯುತ್ತದೆ, ಉರುಳೆ ಮತ್ತೆ ಪುಡಿ ಹರಡುತ್ತದೆ, ಲೇಸರ್ ಮತ್ತೆ ಗೆರೆ ಎಳೆಯುತ್ತದೆ. ಒಂದು ಗೇಣು ಎತ್ತರದ ವಸ್ತುವಿಗೆ ಹೀಗೆ ಸುಮಾರು 2,000 ಪದರ ಬೇಕು. ಕೊನೆಯಲ್ಲಿ ಪುಡಿಯ ಗುಡ್ಡೆಯೊಳಗೆ ಕೈಹಾಕಿ, ನೆಲದಿಂದ ಗೆಣಸು ಕೀಳುವಂತೆ ವಸ್ತುವನ್ನು ಹೊರತೆಗೆದು ಪುಡಿ ಝಾಡಿಸುತ್ತಾರೆ.

ಬೆಸೆಯದ ಪುಡಿಯೇ ಸುತ್ತಲೂ ಆಸರೆಯಾಗಿ ನಿಲ್ಲುವುದು ಈ ವಿಧಾನದ ದೊಡ್ಡ ಅನುಕೂಲ. ಅಚ್ಚು ಬೇಡ, ಊರುಗೋಲು ಬೇಡ. ಒಳಗೊಳಗೇ ತಿರುವುಳ್ಳ ಕೊಳವೆಯನ್ನೂ ಒಂದೇ ತುಂಡಾಗಿ ಮಾಡಬಹುದು.

ಅಮೆರಿಕದ ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕಾರ್ಲ್ ಡೆಕಾರ್ಡ್, ತನ್ನ ಪ್ರಾಧ್ಯಾಪಕ ಜೋ ಬೀಮನ್ ಅವರ ಮಾರ್ಗದರ್ಶನದಲ್ಲಿ 1980ರ ದಶಕದ ನಡುವೆ ಇದನ್ನು ರೂಪಿಸಿದ. 1986ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, 1989ರಲ್ಲಿ ಅದು ಮಂಜೂರಾಯಿತು. ಅದೇ ವರ್ಷ ಜರ್ಮನಿಯಲ್ಲಿ ಇಒಎಸ್ ಕಂಪನಿ ಹುಟ್ಟಿತು. ಮುಂದೆ ಈ ಯಂತ್ರಗಳನ್ನು ಮಾಡುವುದರಲ್ಲಿ ಅದು ದೊಡ್ಡ ಹೆಸರಾಯಿತು. ಮುಖ್ಯ ಪೇಟೆಂಟುಗಳ ಅವಧಿ ಮುಗಿದ ಮೇಲೆ, 2014ರಿಂದ ಈಚೆಗೆ, ಮೇಜಿನ ಮೇಲೆ ಇಡಬಹುದಾದ ಸಣ್ಣ ಯಂತ್ರಗಳೂ ಬಂದವು. ಈ ಸಣ್ಣ ಯಂತ್ರಗಳೇ ನ್ಯಾನೊ ಕಣಗಳಿಗೆ ಒಂದು ಹೊಸ ಕೆಲಸ ಕೊಟ್ಟವು. ಅದನ್ನು ಮುಂದೆ ನೋಡೋಣ.

ಬ್ಯಾರನ್ನಿನ ಕಾವು, ಯಂತ್ರದ ಕಾವು

ಲೇಸರ್ ಎಂದ ಕೂಡಲೇ ಎಲ್ಲ ಕೆಲಸವನ್ನೂ ಅದೇ ಮಾಡುತ್ತದೆ ಎಂಬ ಭಾವನೆ ಬರುತ್ತದೆ. ನಿಜವಾಗಿ ಮುಕ್ಕಾಲು ಕೆಲಸ ಮಾಡುವುದು ಪೆಟ್ಟಿಗೆಯ ಕಾವು. ಇದು ಹೊಗೆಸೊಪ್ಪು ಬೇಯಿಸಿದವರಿಗೆ ಬೇಗ ಅರ್ಥವಾಗುತ್ತದೆ.

ವರ್ಜೀನಿಯಾ ತಂಬಾಕನ್ನು ಬ್ಯಾರನ್‌ಗೆ, ಅಂದರೆ ಎಲೆ ಬೇಯಿಸುವ ಕಾವಿನ ಮನೆಗೆ, ಏರಿಸಿದ ಮೊದಲ ದಿನಗಳಲ್ಲಿ ಒಳಗಿನ ಕಾವು 35ರಿಂದ 40 ಡಿಗ್ರಿಯ ಆಸುಪಾಸಿನಲ್ಲೇ ಇರಬೇಕು. ಎಲೆ ಹಳದಿಗೆ ತಿರುಗುವ ತನಕ ಅವಸರ ಮಾಡುವಂತಿಲ್ಲ. ಬೇಗ ಕಾವೇರಿಸಿದರೆ ಹಸಿರು ಹಾಗೇ ಉಳಿದುಬಿಡುತ್ತದೆ, ತಡ ಮಾಡಿದರೆ ಎಲೆ ಕಂದುತ್ತದೆ. ಆಮೇಲೆ ಮೆಲ್ಲಗೆ 50ರ ಮೇಲೆ, ಕೊನೆಗೆ ನಡುನರ ಒಣಗಲು 70ರ ಹತ್ತಿರ. ಐದಾರು ದಿನ, ಹಗಲು ರಾತ್ರಿ, ಒಲೆಯ ಬಾಯಲ್ಲಿ ಸೌದೆ ನೂಕುತ್ತಾ, ನಡುರಾತ್ರಿ ಎದ್ದು ಬ್ಯಾಟರಿ ಬೆಳಕಲ್ಲಿ ಥರ್ಮಾಮೀಟರ್ ನೋಡುತ್ತಾ ಕೂರುವ ಕೆಲಸ. ಎರಡು ಮೂರು ಡಿಗ್ರಿ ಆಚೀಚೆಯಾದರೂ ಹರಾಜು ಕಟ್ಟೆಯಲ್ಲಿ ಗ್ರೇಡು ಬಿದ್ದುಹೋಗುತ್ತದೆ.

ಲೇಸರ್ ಯಂತ್ರದ ಪೆಟ್ಟಿಗೆಯೂ ಒಂದು ಬ್ಯಾರನ್ನೇ. ಇದರಲ್ಲಿ ಹೆಚ್ಚು ಬಳಕೆಯಲ್ಲಿರುವ ನೈಲಾನ್-12 ಕಾಯಿಸುವಾಗ ಸುಮಾರು 185 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಆದರೆ ಆರಿಸುವಾಗ ಅದೇ ಕಾವಿನಲ್ಲಿ ಗಟ್ಟಿಯಾಗುವುದಿಲ್ಲ, 150 ಡಿಗ್ರಿಯ ಹತ್ತಿರ ಇಳಿಯುವ ತನಕ ಕರಗಿದಂತೆಯೇ ಇರುತ್ತದೆ. ಈ ಎರಡರ ನಡುವಿನ ಅಂತರವೇ ಕುಶಲಿಗನಿಗೆ ಸಿಕ್ಕಿರುವ ಜಾಗ. ಪುಡಿಯ ಹಾಸನ್ನು ಸುಮಾರು 170 ಡಿಗ್ರಿಯಲ್ಲಿ ಹಿಡಿದಿಟ್ಟರೆ, ಪುಡಿ ಇನ್ನೂ ಪುಡಿಯಾಗಿಯೇ ಇರುತ್ತದೆ, ಆದರೆ ಕರಗಲು ಒಂದು ಹೆಜ್ಜೆ ಮಾತ್ರ ಬಾಕಿ. ಆ ಒಂದು ಹೆಜ್ಜೆಯನ್ನು ಲೇಸರ್ ಹಾಕಿಸುತ್ತದೆ. ಕರಗಿದ ಭಾಗವೂ ಅದೇ ಕಾವಿನಲ್ಲಿ ಬೇಗ ಗಟ್ಟಿಯಾಗದೆ ಕಾದುಕೊಂಡು, ಮೇಲಿನ ಪದರದೊಡನೆ ಚೆನ್ನಾಗಿ ಕೂಡಿಕೊಳ್ಳುತ್ತದೆ. ಕಾವು ತುಸು ಹೆಚ್ಚಾದರೆ ಸುತ್ತಲಿನ ಪುಡಿಯೂ ಹೆಂಟೆಗಟ್ಟುತ್ತದೆ. ತುಸು ಕಡಿಮೆಯಾದರೆ ಬೆಸೆದ ಪದರದ ಅಂಚು ಒಣಗಿದ ಎಲೆಯಂತೆ ಮೇಲಕ್ಕೆ ಸುರುಟಿಕೊಂಡು, ಮುಂದೆ ಬರುವ ಉರುಳೆಗೆ ಸಿಕ್ಕಿ ಇಡೀ ಕೆಲಸ ಹಾಳಾಗುತ್ತದೆ.

ಮುಗಿದ ಮೇಲೂ ಆತುರ ಸಲ್ಲದು. ಅಚ್ಚಾಗಲು ಎಷ್ಟು ಹೊತ್ತು ಹಿಡಿಯಿತೋ ಹೆಚ್ಚುಕಡಿಮೆ ಅಷ್ಟೇ ಹೊತ್ತು ಆರಲು ಬಿಡಬೇಕು. ಬಿಸಿ ಇರುವಾಗಲೇ ತೆಗೆದರೆ ವಸ್ತು ಡೊಂಕಾಗುತ್ತದೆ. ಗಾಳಿಯ ಆಮ್ಲಜನಕ ತಗುಲಿ ಪುಡಿ ಹಳದಿಯಾಗದಂತೆ ಪೆಟ್ಟಿಗೆಯೊಳಗೆ ಸಾರಜನಕ ತುಂಬಿರುತ್ತಾರೆ.

ಹರಳೆಣ್ಣೆ ನೈಲಾನ್ ಆಗುವ ಬಗೆ

ನೈಲಾನ್-12 ಪೆಟ್ರೋಲಿಯಂ ಮೂಲದ್ದು. ಅದರ ಅಣ್ಣನಂತಿರುವ ನೈಲಾನ್-11 ಹರಳೆಣ್ಣೆಯದು.

ಮನೆಯಲ್ಲಿ ಹರಳೆಣ್ಣೆ ತೆಗೆಯುವುದನ್ನು ಕಂಡವರಿಗೆ ಆ ವಾಸನೆ ಮರೆಯುವುದಿಲ್ಲ. ಬೀಜವನ್ನು ಹುರಿದು, ಒರಳಿನಲ್ಲಿ ಕುಟ್ಟಿ, ನೀರಿನಲ್ಲಿ ಹಾಕಿ ಕುದಿಸುತ್ತಾರೆ. ಎಣ್ಣೆ ಮೇಲೆ ತೇಲಿ ನಿಲ್ಲುತ್ತದೆ. ಅದನ್ನು ಸೌಟಿನಿಂದ ಬಳಿದು ಇನ್ನೊಂದು ಪಾತ್ರೆಗೆ ಹಾಕಿ ಮತ್ತೆ ಸಣ್ಣ ಉರಿಯಲ್ಲಿ ಕಾಯಿಸುತ್ತಾರೆ. ಮೊದಲು ಚಟಪಟ ಸದ್ದು ಬರುತ್ತಿರುತ್ತದೆ. ಆ ಸದ್ದು ನಿಂತಿತು ಎಂದರೆ ನೀರಿನ ಪಸೆ ಹೋಯಿತು, ಎಣ್ಣೆ ಹದಕ್ಕೆ ಬಂತು ಎಂದರ್ಥ. ಕಣ್ಣಿಗಿಂತ ಕಿವಿ ಹದ ಹೇಳುವ ಕೆಲಸ ಅದು.

ಈ ಎಣ್ಣೆಯ ಹೆಚ್ಚುಗಾರಿಕೆ ಇರುವುದು ರಿಸಿನೋಲಿಕ್ ಆಮ್ಲ ಎಂಬ ಅಂಶದಲ್ಲಿ. ಹರಳೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ನೂರಕ್ಕೆ 85ರಿಂದ 90 ಪಾಲು ಅದೇ. ಕಡಲೆಕಾಯಿ, ಎಳ್ಳು, ಹುಚ್ಚೆಳ್ಳು, ತೆಂಗು, ಯಾವ ಎಣ್ಣೆಯಲ್ಲೂ ಅದು ಹೀಗೆ ತುಂಬಿಕೊಂಡಿಲ್ಲ. ಕಾರ್ಖಾನೆಯಲ್ಲಿ ಈ ಎಣ್ಣೆಯನ್ನು ಮೊದಲು ಮೆಥನಾಲ್ ಜೊತೆ ಸೇರಿಸಿ, ಆಮೇಲೆ 500 ಡಿಗ್ರಿಗೂ ಮೀರಿದ ಕಾವಿನಲ್ಲಿ ಹಾಯಿಸಿ ಅದರ ಉದ್ದನೆಯ ಸರಪಳಿಯನ್ನು ಎರಡಾಗಿ ಮುರಿಯುತ್ತಾರೆ. ಒಂದು ತುಂಡಿನಲ್ಲಿ 7 ಇಂಗಾಲ, ಅದು ಸುಗಂಧದ್ರವ್ಯಗಳ ಉದ್ಯಮಕ್ಕೆ ಹೋಗುತ್ತದೆ. ಇನ್ನೊಂದರಲ್ಲಿ 11 ಇಂಗಾಲ. ಈ 11ರ ತುಂಡಿನ ಒಂದು ತುದಿಗೆ ಮೊದಲು ಬ್ರೋಮಿನ್, ಆಮೇಲೆ ಅದನ್ನು ಕಳಚಿ ಅಮೋನಿಯಾ ಸೇರಿಸಿದರೆ ಒಂದು ಅಮೈನೊ ಆಮ್ಲ ಸಿಗುತ್ತದೆ. ಅದರ ಅಣುಗಳು ಕೈ ಕೈ ಹಿಡಿದು ಸಾಲಾಗಿ ನಿಂತರೆ ಅದೇ ನೈಲಾನ್-11. ಹೆಸರಿನ 11 ಈ ಇಂಗಾಲದ ಲೆಕ್ಕ.

1940ರ ದಶಕದಲ್ಲಿ ಫ್ರಾನ್ಸಿನಲ್ಲಿ ಇದನ್ನು ಕಂಡುಕೊಂಡರು. ನಾರ್ಮಂಡಿಯ ಸೆರ್ಕಿನ್ಯಿ ಊರಿನ ಕಾರ್ಖಾನೆಯ ಪಕ್ಕದಲ್ಲಿ ರೀಲ್ ಎಂಬ ನದಿ ಹರಿಯುತ್ತದೆ, ಅದರ ಹೆಸರಿನಿಂದಲೇ ಇದಕ್ಕೆ ರಿಲ್ಸಾನ್ ಎಂಬ ವ್ಯಾಪಾರದ ಹೆಸರು ಬಂತು. ಇಂದು ಅರ್ಕೆಮಾ ಕಂಪನಿ ಅದನ್ನು ತಯಾರಿಸುತ್ತದೆ. ಎಣ್ಣೆ ಹೋಗುವುದು ಮುಖ್ಯವಾಗಿ ಭಾರತದಿಂದ. ಜಗತ್ತಿನ ಹರಳಿನಲ್ಲಿ ಬಹುಪಾಲು ಬೆಳೆಯುವುದು ನಮ್ಮ ದೇಶ, ಅದರಲ್ಲೂ ಗುಜರಾತ್. ಮೈಸೂರು ಜಿಲ್ಲೆಯ ಹರಳು ಅಕ್ಕಡಿ ಸಾಲಿನಲ್ಲೇ ಉಳಿದಿರುವ ಬೆಳೆ. ಹರಳು ಹಾಕಿದರೆ ಹೊಗೆಸೊಪ್ಪಿನಷ್ಟು ದುಡ್ಡು ಬರುತ್ತದೆ ಎಂದು ಇಲ್ಲಿಯ ರೈತರಿಗೆ ಯಾರಾದರೂ ಹೇಳಿದರೆ ನಂಬಬಾರದು. ಬೆಲೆ, ಗಿರಾಕಿ, ಗಾಣ ಮೂರೂ ಒಂದೇ ಕಡೆ ಕೂಡಿಬರದೆ ಯಾವ ಬೆಳೆಯೂ ಇನ್ನೊಂದರ ಜಾಗ ತುಂಬುವುದಿಲ್ಲ.

ನೈಲಾನ್-11ರ ಗುಣ ಹೇಳಬೇಕೆಂದರೆ, ಅದು ಬಾಗುತ್ತದೆ, ಬೇಗ ಮುರಿಯುವುದಿಲ್ಲ. ಲೇಸರಿನಲ್ಲಿ ಬೆಸೆದ ನೈಲಾನ್-12 ತುಂಡನ್ನು ಎಳೆದರೆ ಮೂಲ ಉದ್ದದ ನೂರಕ್ಕೆ 15ರಿಂದ 20ರಷ್ಟು ಹಿಗ್ಗಿ ಮುರಿದರೆ, ನೈಲಾನ್-11 ನೂರಕ್ಕೆ 40ಕ್ಕೂ ಹೆಚ್ಚು ಹಿಗ್ಗಿ ತಾಳಿಕೊಳ್ಳುತ್ತದೆ. ಕೃತಕ ಕಾಲು, ಪಾದದ ಆಸರೆಪಟ್ಟಿಗಳಿಗೆ ಇದನ್ನು ಆರಿಸುವುದು ಅದಕ್ಕೇ. ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ತಿದ್ದಬೇಕು. ಗಿಡದಿಂದ ಬಂದದ್ದು ಎಂದ ಮಾತ್ರಕ್ಕೆ ಇದು ಮಣ್ಣಲ್ಲಿ ಕರಗುವುದಿಲ್ಲ. ಪೆಟ್ರೋಲಿಯಂ ಪ್ಲಾಸ್ಟಿಕ್ಕಿನಂತೆಯೇ ಕೊಳೆಯದೆ ಉಳಿಯುತ್ತದೆ.

ರಂಗೋಲಿಯಂತೆ ಜಾರಬೇಕು

ರಂಗೋಲಿ ಪುಡಿ ಬೆರಳ ಸಂದಿಯಿಂದ ಒಂದೇ ಸಮ ಎಳೆಯಾಗಿ ಇಳಿಯುತ್ತದೆ. ಅದೇ ಬೆರಳಿನಲ್ಲಿ ಮೈದಾ ಹಿಟ್ಟು ಹಿಡಿದು ಎಳೆ ಬಿಡಿ ಎಂದರೆ ಆಗದು, ಅದು ಮುದ್ದೆ ಮುದ್ದೆಯಾಗಿ ಉದುರುತ್ತದೆ. ಕಣ ಸಣ್ಣದಾದಷ್ಟೂ ಅದರ ತೂಕ ಕಡಿಮೆ, ಅಂಟಿಕೊಳ್ಳುವ ಚಪಲ ಹೆಚ್ಚು. ಲೇಸರ್ ಯಂತ್ರದ ಪುಡಿ ಈ ಎರಡರ ನಡುವೆ ನಿಲ್ಲಬೇಕು. ತೆಳ್ಳನೆ ಪದರ ಹರಡುವಷ್ಟು ಸಣ್ಣದಿರಬೇಕು, ರಂಗೋಲಿಯಂತೆ ಜಾರುವಷ್ಟು ದೊಡ್ಡದಿರಬೇಕು. ಅನುಭವದಿಂದ ಗೊತ್ತಾದ ಅಳತೆ 20ರಿಂದ 80 ಮೈಕ್ರಾನ್, ಅಂದರೆ ಹೆಚ್ಚುಕಡಿಮೆ ತಲೆಗೂದಲಿನ ದಪ್ಪದ ಒಳಗೇ.

ಆಕಾರವೂ ಮುಖ್ಯ. ಪ್ಲಾಸ್ಟಿಕ್ಕನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ತಣಿಸಿ ಬೀಸಿದರೆ ಪುಡಿ ಸಿಗುತ್ತದೆ, ಆದರೆ ಅದರ ಅಂಚೆಲ್ಲ ಚೂಪು, ಜಲ್ಲಿಯ ಹಾಗೆ. ನೈಲಾನ್-12ನ್ನು ಒತ್ತಡದಲ್ಲಿ ಬಿಸಿ ಆಲ್ಕೊಹಾಲಿನಲ್ಲಿ ಕರಗಿಸಿ ಮೆಲ್ಲಗೆ ಆರಿಸಿದರೆ ಆಲೂಗಡ್ಡೆಯಂತೆ ದುಂಡನೆ ಕಣಗಳು ತಾವಾಗಿಯೇ ಕಟ್ಟುತ್ತವೆ. ಅವು ಚೆನ್ನಾಗಿ ಜಾರುತ್ತವೆ. ಒಂದು ಪುಡಿ ಜಾರುತ್ತದೆಯೇ ಇಲ್ಲವೇ ಎಂದು ತಿಳಿಯಲು ಸುಲಭದ ಪರೀಕ್ಷೆಯಿದೆ. ಸೇರಿನಲ್ಲಿ ರಾಗಿ ಅಳೆಯುವಾಗ ಹಾಗೇ ಸುರಿದ ಅಳತೆಯೇ ಬೇರೆ, ಕುಟ್ಟಿ ಕುಟ್ಟಿ ತುಂಬಿದ ಅಳತೆಯೇ ಬೇರೆ ಅಲ್ಲವೇ? ಕುಟ್ಟಿ ತುಂಬಿದ ಸಾಂದ್ರತೆಯನ್ನು ಹಾಗೇ ಸುರಿದ ಸಾಂದ್ರತೆಯಿಂದ ಭಾಗಿಸುತ್ತಾರೆ. ಉತ್ತರ 1.25ರ ಒಳಗಿದ್ದರೆ ಪುಡಿ ಒಳ್ಳೆಯದು. ಇದಕ್ಕೆ ಹಾಸ್ನರ್ ಅನುಪಾತ ಎಂದು ಹೆಸರು.

ಒಂದು ಗ್ರಾಂನಲ್ಲಿ ಎರಡು ಗುಂಟೆ

ನ್ಯಾನೊಮೀಟರ್ ಎಂದರೆ ಒಂದು ಮಿಲಿಮೀಟರಿನ 10 ಲಕ್ಷದ ಒಂದು ಪಾಲು. 1ರಿಂದ 100 ನ್ಯಾನೊಮೀಟರ್ ಒಳಗಿನ ಕಣಗಳನ್ನು ನ್ಯಾನೊ ಕಣ ಎನ್ನುತ್ತಾರೆ. ಆ ಅಳತೆಗಿಂತ ಮುಖ್ಯವಾದದ್ದು ಅವುಗಳ ಮೈ. ಒಂದು ಕಲ್ಲುಸಕ್ಕರೆಯನ್ನು ಒಡೆದಷ್ಟೂ ಹೊಸ ಮೈ ಹೊರಗೆ ಬೀಳುತ್ತದೆ. ಬಣ್ಣ, ಔಷಧಿ, ಟೂತ್‌ಪೇಸ್ಟ್‌ಗಳಲ್ಲಿ ಬಳಸುವ ಧೂಮ ಸಿಲಿಕಾ ಎಂಬ ಬಿಳಿ ಪುಡಿ ಒಂದು ಗ್ರಾಂ ತೆಗೆದುಕೊಂಡು, ಅದರ ಕಣಗಳ ಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 200 ಚದರ ಮೀಟರ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಎರಡು ಗುಂಟೆ. ಚಿಟಿಕೆಯಷ್ಟು ಪುಡಿಯಲ್ಲಿ ಎರಡು ಗುಂಟೆ ಜಮೀನು. ನೈಲಾನಿನ ಸರಪಳಿಗಳು ಇಷ್ಟು ದೊಡ್ಡ ಮೈಗೆ ಅಂಟಿಕೊಂಡಾಗ ಅವುಗಳ ಅಲುಗಾಟ ಕಡಿಮೆಯಾಗಿ ಇಡೀ ವಸ್ತು ಬಿಗಿಯಾಗುತ್ತದೆ. ನೂರಕ್ಕೆ ಎರಡೋ ನಾಲ್ಕೋ ಪಾಲು ಬೆರೆಸಿದರೂ ಗುಣ ಬದಲಾಗುವ ಕಾರಣ ಇದು.

ಹೊಟ್ಟು, ಕಪ್ಪು ಮಣ್ಣು, ಕಾಡಿಗೆ

ಈಗ ಮೊದಲು ಹೆಸರಿಸಿದ ನಾಲ್ಕು ತಾಲ್ಲೂಕುಗಳ ಮಾತಿಗೆ ಬರೋಣ.

ಕೆ.ಆರ್. ನಗರ ಕಾವೇರಿ ನೀರಿನ ಭತ್ತದ ಸೀಮೆ. ಗಿರಣಿಗೆ ಹೋದ 100 ಕಿಲೊ ಭತ್ತದಲ್ಲಿ ಸುಮಾರು 20 ಕಿಲೊ ಹೊಟ್ಟು. ಅದನ್ನು ಸುಟ್ಟರೆ ಸುಮಾರು 4 ಕಿಲೊ ಬೂದಿ. ಆ ಬೂದಿಯಲ್ಲಿ ನೂರಕ್ಕೆ 85ರಿಂದ 95 ಪಾಲು ಸಿಲಿಕಾ. ಭತ್ತದ ಬೇರು ಮಣ್ಣಿನಿಂದ ಸಿಲಿಕಾವನ್ನು ನೀರಿನೊಡನೆ ಹೀರಿ ಹೊಟ್ಟಿನಲ್ಲಿ ಕೂಡಿಡುತ್ತದೆ. ಹೊಟ್ಟು ಕೈಗೆ ಒರಟಾಗಿ ತಾಕುವುದು, ದನ ಅದನ್ನು ಮೂಸಿ ಬಿಡುವುದು ಅದರಿಂದಲೇ.

ಈ ಬೂದಿಯಿಂದ ಶುದ್ಧ ಸಿಲಿಕಾ ತೆಗೆಯುವ ಒಂದು ವಿಧಾನವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೇ ರೂಪಿಸಿದ್ದಾರೆ. ಬಯೋಮಾಸ್ ಅನಿಲೀಕರಣದ ಒಲೆಗಳಿಗೆ ಹೆಸರಾದ ಅಲ್ಲಿನ ದಹನ ಪ್ರಯೋಗಾಲಯದ ಕೆಲಸ ಅದು. ಬೂದಿಯನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ಕುದಿಸಿದರೆ ಸಿಲಿಕಾ ಕರಗಿ, ಇದ್ದಿಲು ಉಳಿಯುತ್ತದೆ. ಸೋಸಿದ ತಿಳಿಗೆ ಇಂಗಾಲದ ಡೈಆಕ್ಸೈಡ್ ಅನಿಲ ಹಾಯಿಸಿದರೆ ಸಿಲಿಕಾ ಬೆಳ್ಳಗೆ ಮೊಸರಿನಂತೆ ಒಡೆದು ಕೆಳಗಿಳಿಯುತ್ತದೆ. ಉಳಿದ ನೀರಿಗೆ ಸುಣ್ಣ ಹಾಕಿದರೆ ಕಾಸ್ಟಿಕ್ ಸೋಡಾ ಮತ್ತೆ ಕೈಗೆ ಬರುತ್ತದೆ, ಮುಂದಿನ ಬಾರಿಗೆ ಅದನ್ನೇ ಬಳಸಬಹುದು. ನನಗೆ ಈ ಲೇಖನದಲ್ಲಿ ಬರುವ ಎಲ್ಲ ವಿಧಾನಗಳಿಗಿಂತ ಇದು ಹೆಚ್ಚು ಇಷ್ಟವಾಗುತ್ತದೆ. ಹಾಕಿದ್ದನ್ನು ವಾಪಸು ಪಡೆಯುವ ಇಂಥ ಲೆಕ್ಕಾಚಾರ ರೈತನ ಮನಸ್ಸಿಗೆ ಒಪ್ಪುವಂಥದು.

ಸಿಲಿಕಾಕ್ಕೆ ಲೇಸರ್ ಪುಡಿಯಲ್ಲಿ ಎರಡು ಕೆಲಸ. ಮೊದಲನೆಯದು ಜಾರಿಸುವುದು. ಸಾವಿರಕ್ಕೆ ಒಂದೆರಡು ಪಾಲು ಸಿಲಿಕಾ ನೈಲಾನ್ ಕಣಗಳ ಮೈಗೆ ಮೆತ್ತಿಕೊಂಡರೆ, ಕಣ ಕಣಕ್ಕೆ ತಾಗದಂತೆ ನಡುವೆ ನಿಂತು, ಹಪ್ಪಳಕ್ಕೆ ಸವರಿದ ಹಿಟ್ಟಿನಂತೆ ಅಂಟದ ಹಾಗೆ ನೋಡಿಕೊಳ್ಳುತ್ತದೆ. ಎರಡನೆಯದು, ಪಾಲು ಹೆಚ್ಚಿಸಿದರೆ ವಸ್ತುವಿಗೆ ಬಿಗುವು ಕೊಡುವುದು.

ಎಚ್.ಡಿ. ಕೋಟೆಯಲ್ಲಿ ಹತ್ತಿ ಬೆಳೆಯುವ ಕಪ್ಪು ಮಣ್ಣಿನ ಹೊಲಗಳಿವೆ. ಮಳೆಗಾಲದಲ್ಲಿ ಉಬ್ಬಿ ಕಾಲಿಗೆ ಮೆತ್ತುವ, ಬೇಸಗೆಯಲ್ಲಿ ಕೈ ತೂರುವಷ್ಟು ಬಿರಿಯುವ ಮಣ್ಣು. ಇದಕ್ಕೆ ಕಾರಣ ಅದರೊಳಗಿನ ಮಾಂಟ್ಮೊರಿಲೊನೈಟ್ ಗುಂಪಿನ ಜೇಡಿ. ಅದರ ರಚನೆ ಪುಸ್ತಕದ ಹಾಳೆಗಳ ಹಾಗೆ. ಒಂದೊಂದು ಹಾಳೆ ಸುಮಾರು 1 ನ್ಯಾನೊಮೀಟರ್ ದಪ್ಪ. ನೀರು ಹಾಳೆಗಳ ನಡುವೆ ನುಗ್ಗಿದಾಗ ಮಣ್ಣು ಉಬ್ಬುತ್ತದೆ. ನೀರಿನ ಬದಲು ನೈಲಾನ್ ಸರಪಳಿಯೇ ನುಗ್ಗುವಂತೆ ಮಾಡಿದರೆ? ಜಪಾನಿನ ಟೊಯೊಟಾ ಕಂಪನಿಯ ಸಂಶೋಧಕರು 1980ರ ದಶಕದಲ್ಲಿ ಮಾಡಿದ್ದು ಇದನ್ನೇ. ನೈಲಾನ್-6ಕ್ಕೆ ನೂರಕ್ಕೆ 5 ಪಾಲಿಗೂ ಕಡಿಮೆ ಜೇಡಿ ಸೇರಿಸಿದ್ದಕ್ಕೆ, ಭಾರ ಹೊತ್ತು ಬಾಗುವ ಕಾವು 65 ಡಿಗ್ರಿಯಿಂದ ಸುಮಾರು 150 ಡಿಗ್ರಿಗೆ ಏರಿತು. ಅದರಿಂದ ಕಾರಿನ ಎಂಜಿನ್ ಬೆಲ್ಟಿನ ಮುಚ್ಚಳ ಮಾಡಿದರು. ಪಾಲಿಮರ್ ನ್ಯಾನೊ ಕಾಂಪೊಸಿಟ್ ಎಂಬ ವಿಷಯಕ್ಕೆ ಜಗತ್ತಿನಲ್ಲಿ ಬೆಲೆ ಬಂದದ್ದು ಆ ಮುಚ್ಚಳದಿಂದ. ಹೊಲದ ಮಣ್ಣನ್ನು ಹಾಗೇ ಅಗೆದು ಹಾಕಲಾಗುವುದಿಲ್ಲ, ಗಣಿಯ ಶುದ್ಧ ಜೇಡಿಯನ್ನು ತೊಳೆದು, ಎಣ್ಣೆಯಂಥ ಪದಾರ್ಥಗಳಿಗೆ ಒಗ್ಗುವಂತೆ ರಾಸಾಯನಿಕವಾಗಿ ಪಳಗಿಸಬೇಕು. ಆದರೆ ಗುಣದ ಬೇರು ಒಂದೇ.

ಮೂರನೆಯದು ಇಂಗಾಲ. ಹರಳೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಮಗುಚಿಟ್ಟು, ರಾತ್ರಿಯೆಲ್ಲ ಉರಿಸಿ, ಬೆಳಗ್ಗೆ ತಟ್ಟೆಗೆ ಹಿಡಿದ ಕಪ್ಪನ್ನು ಕೆರೆದು, ಅದಕ್ಕೆ ಎರಡು ಹನಿ ಹರಳೆಣ್ಣೆಯನ್ನೋ ತುಪ್ಪವನ್ನೋ ಹಾಕಿ ಬೆರಳಿನಲ್ಲಿ ಅರೆದರೆ ಕಾಡಿಗೆ. ಆ ಕಪ್ಪಿನ ಮೂಲಕಣಗಳು ಕೆಲವು ಹತ್ತು ನ್ಯಾನೊಮೀಟರ್‌ಗಳಷ್ಟೇ. ಹೆಸರಿಡದೆ ನಮ್ಮ ಅಜ್ಜಿಯರು ಮಾಡುತ್ತಿದ್ದ ನ್ಯಾನೊ ಮಿಶ್ರಣ ಅದು. ಇಂಗಾಲವೂ ಹರಳಿನದೇ, ಅದನ್ನು ಹಿಡಿದಿಡುವ ಎಣ್ಣೆಯೂ ಹರಳಿನದೇ. ಉದ್ಯಮದಲ್ಲಿ ಇದರ ಸೋದರನಾದ ಕಾರ್ಬನ್ ಬ್ಲ್ಯಾಕ್ ಬಳಸುತ್ತಾರೆ, ಟಯರಿಗೆ ಕಪ್ಪು ಬಣ್ಣ ಬರುವುದು ಅದರಿಂದಲೇ. ಇನ್ನೂ ಮುಂದೆ ಹೋದರೆ ಕೊಳವೆಯಾಕಾರದ ಕಾರ್ಬನ್ ನ್ಯಾನೊಟ್ಯೂಬ್, ಹಾಳೆಯಾಕಾರದ ಗ್ರಾಫೀನ್. ನೈಲಾನಿನಲ್ಲಿ ವಿದ್ಯುತ್ ಹರಿಯದು. ನ್ಯಾನೊಟ್ಯೂಬುಗಳು ಒಂದಕ್ಕೊಂದು ತಾಗುವ ಹಾಗೆ ಹರಡಿದರೆ ಹರಿಯುತ್ತದೆ. ಕಿಡಿ ಹಾರಬಾರದ ಇಂಧನದ ಕೊಳವೆ, ಎಲೆಕ್ಟ್ರಾನಿಕ್ ಪೆಟ್ಟಿಗೆಗಳಿಗೆ ಇದು ಬೇಕು.

ಈ ಮೂರನ್ನೂ ಹರಳೆಣ್ಣೆಯ ನೈಲಾನ್ ಜೊತೆ ಕೂಡಿಸಿ ನೋಡಿದ್ದು, ಲೇಸರ್ ವಿಧಾನ ಹುಟ್ಟಿದ ಅದೇ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ. ಜೋಸೆಫ್ ಕೂ ಅವರ ತಂಡ 2000ರ ದಶಕದಲ್ಲಿ ನೈಲಾನ್-11ಕ್ಕೆ ನ್ಯಾನೊ ಜೇಡಿ, ನ್ಯಾನೊ ಸಿಲಿಕಾ, ಇಂಗಾಲದ ನ್ಯಾನೊ ಎಳೆಗಳನ್ನು ಬೇರೆ ಬೇರೆಯಾಗಿ ಬೆರೆಸಿ ಬೆಂಕಿಗೆ ಹೇಗೆ ತಾಳಿಕೊಳ್ಳುತ್ತದೆ, ಎಷ್ಟು ಗಟ್ಟಿ ಎಂದು ಪರೀಕ್ಷಿಸಿತು. ಹರಳು, ಹೊಟ್ಟಿನಲ್ಲಿರುವ ಸಿಲಿಕಾ, ಕಪ್ಪು ಮಣ್ಣಿನ ಜೇಡಿ, ಕಾಡಿಗೆಯ ಇಂಗಾಲ ಎಲ್ಲವೂ ಒಂದೇ ಮೇಜಿನ ಮೇಲೆ ಬಂದು ಕೂತಂತೆ.

ಗಂಟು ಬಿಡಿಸುವ ಕೆಲಸ

ಕುದಿಯುವ ಎಸರಿಗೆ ರಾಗಿಹಿಟ್ಟು ಸುರಿದು ಕೋಲಾಡಿಸದೆ ಬಿಟ್ಟರೆ ಗಂಟು ಬೀಳುತ್ತದೆ. ಮೇಲೆ ಬೆಂದಂತೆ ಕಾಣುವ ಗಂಟನ್ನು ಒಡೆದರೆ ಒಳಗೆ ಹಸಿಹಿಟ್ಟು. ನ್ಯಾನೊ ಕಣಗಳದೂ ಅದೇ ಪಾಡು. ಮೈ ದೊಡ್ಡದಾದ್ದರಿಂದ ಒಂದಕ್ಕೊಂದು ಅಂಟಿಕೊಂಡು ಗುಂಪುಗಟ್ಟುವ ಸ್ವಭಾವ. ಗಂಟುಬಿದ್ದ ನ್ಯಾನೊ ಕಣ ನ್ಯಾನೊ ಆಗಿ ಉಳಿಯುವುದಿಲ್ಲ. ಬಲ ಕೊಡುವ ಬದಲು, ಒಡಕು ಅಲ್ಲಿಂದಲೇ ಶುರುವಾಗುತ್ತದೆ. ಈ ಕ್ಷೇತ್ರದಲ್ಲಿ ಸೋತ ಪ್ರಯೋಗಗಳಲ್ಲಿ ಹೆಚ್ಚಿನವು ಸೋತದ್ದು ಇಲ್ಲೇ ಎಂದು ನನಗೆ ಅನ್ನಿಸುತ್ತದೆ.

ಬೆರೆಸಲು ಮೂರು ದಾರಿ. ಎರಡು ಪುಡಿಗಳನ್ನು ಒಣಗಿದ್ದಂತೆಯೇ ಕುಲುಕಿ ಬೆರೆಸುವುದು ಅಗ್ಗದ್ದು, ಆದರೆ ಗಂಟು ಪೂರಾ ಒಡೆಯದು. ನೈಲಾನನ್ನು ಕರಗಿಸಿ, ನ್ಯಾನೊ ಕಣ ಸೇರಿಸಿ ತಿರುವಿ, ಮತ್ತೆ ತಣಿಸಿ ಬೀಸುವುದು ಎರಡನೆಯದು. ಬೆರಕೆ ಚೆನ್ನಾಗಿ ಆಗುತ್ತದೆ, ಪುಡಿ ಮಾತ್ರ ಜಲ್ಲಿಯಂತೆ ಚೂಪಾಗುತ್ತದೆ.

ಮೂರನೆಯದು ಬೀಜೋಪಚಾರದಂಥದು. ಬಿತ್ತುವ ಮುಂಚೆ ಕಾಳಿಗೆ ಜೀವಾಣು ಗೊಬ್ಬರದ ಗಂಜಿ ಸವರಿ ನೆರಳಲ್ಲಿ ಆರಿಸುವಂತೆ, ನ್ಯಾನೊ ಕಣಗಳಿರುವ ನೀರಿಗೆ ನೈಲಾನ್ ಪುಡಿಯನ್ನು ಹಾಕಿ ಕಲಕುತ್ತಾರೆ. ನೀರಿನ ಹುಳಿಯನ್ನು ಹೆಚ್ಚು ಕಡಿಮೆ ಮಾಡಿದರೆ ಕಣಗಳ ವಿದ್ಯುದಾವೇಶ ಬದಲಾಗಿ ಅವು ನೈಲಾನಿನ ಮೈಗೆ ಒಂದೊಂದಾಗಿ ಅಂಟುತ್ತವೆ. ಸೋಸಿ ಒಣಗಿಸಿದರೆ ಕೆಲಸ ಮುಗಿಯಿತು. ಪುಡಿಯ ದುಂಡು ಆಕಾರವೂ ಕೆಡಲಿಲ್ಲ, ಗಂಟೂ ಬೀಳಲಿಲ್ಲ. ಜರ್ಮನಿಯ ಡ್ಯೂಸ್‌ಬರ್ಗ್-ಎಸೆನ್ ವಿಶ್ವವಿದ್ಯಾಲಯದವರು ಈ ದಾರಿಯಲ್ಲಿ ಬೆಳ್ಳಿಯ ನ್ಯಾನೊ ಕಣಗಳನ್ನು ನೈಲಾನ್-12ರ ಮೇಲೆ ಕೂರಿಸಿದ್ದಾರೆ. ಬೆಳ್ಳಿಯ ಪ್ರಮಾಣ ಅತ್ಯಲ್ಪ, ಆದರೂ ವಸ್ತುವಿಗೆ ಬಣ್ಣ ಬಂತು.

ಬಣ್ಣದ ಮಾತು ಇಲ್ಲಿ ಸುಮ್ಮನೆ ಬಂದದ್ದಲ್ಲ. ದೊಡ್ಡ ಯಂತ್ರಗಳ ಲೇಸರ್ ಕಿರಣದ ಅಲೆಯುದ್ದ 10.6 ಮೈಕ್ರಾನ್. ಆ ಕಿರಣವನ್ನು ಬಿಳಿ ನೈಲಾನ್ ತಾನೇ ಹೀರಿಕೊಳ್ಳುತ್ತದೆ. ಮೇಜಿನ ಮೇಲಿಡುವ ಸಣ್ಣ ಯಂತ್ರಗಳಲ್ಲಿರುವುದು ಅಗ್ಗದ ಡಯೋಡ್ ಲೇಸರ್, ಅಲೆಯುದ್ದ 0.8 ಮೈಕ್ರಾನಿನ ಆಸುಪಾಸು. ಅದು ಬಿಳಿ ನೈಲಾನಿಗೆ ತಾಗಿ ಚದುರಿ ಹೋಗುತ್ತದೆ, ಕಾಯಿಸುವುದಿಲ್ಲ. ಬಿಸಿಲಿಗೆ ಬಿಳಿ ಅಂಗಿ ತಂಪು, ಕರಿ ಅಂಗಿ ಸುಡು ಎಂಬ ಲೆಕ್ಕವೇ. ಹಾಗಾಗಿ ಪುಡಿಗೆ ಇಂಗಾಲದ ಕಣ ಬೆರೆಸಿ ಕಪ್ಪಾಗಿಸುತ್ತಾರೆ. ಅಂಥ ಯಂತ್ರದಿಂದ ಬಂದ ವಸ್ತುಗಳು ಹೆಚ್ಚಾಗಿ ಬೂದು ಇಲ್ಲವೇ ಕಪ್ಪು ಬಣ್ಣದಲ್ಲೇ ಇರುವುದು ಅದಕ್ಕೆ. ಕಪ್ಪಲ್ಲದ ಬಣ್ಣವನ್ನೂ ಕೊಟ್ಟು, ಕಿರಣವನ್ನೂ ಹೀರುವ ಕಣ ಯಾವುದು ಎಂಬ ಹುಡುಕಾಟ ಬೆಳ್ಳಿಯವರೆಗೆ ಹೋಯಿತು.

ಇನ್ನೊಂದು ತೊಡಕು ಕಾವಿನದು. ಸಕ್ಕರೆ ಪಾಕಕ್ಕೆ ಒಂದು ಹರಳು ಬಿದ್ದರೆ ಪಾಕವೆಲ್ಲ ಹರಳುಗಟ್ಟಲು ಶುರುವಾಗುತ್ತದೆ. ಕರಗಿದ ನೈಲಾನಿನಲ್ಲಿ ನ್ಯಾನೊ ಕಣವೂ ಹಾಗೇ, ಬೇಗ ಗಟ್ಟಿಯಾಗುವಂತೆ ಮಾಡುತ್ತದೆ. ಆಗ ಕರಗುವ ಕಾವಿಗೂ ಗಟ್ಟಿಯಾಗುವ ಕಾವಿಗೂ ಇದ್ದ ಅಂತರ ಕಿರಿದಾಗುತ್ತದೆ, ಬ್ಯಾರನ್ ಕಾಯುವವನ ಕೆಲಸ ಇನ್ನಷ್ಟು ಕಷ್ಟವಾಗುತ್ತದೆ. ಕಣ ಹೆಚ್ಚಾದರೆ ಕರಗಿದ ನೈಲಾನ್ ಗಟ್ಟಿ ಅಂಬಲಿಯಂತಾಗಿ ಪಕ್ಕದ ಕಣದೊಡನೆ ಸರಿಯಾಗಿ ಕೂಡದೆ ವಸ್ತುವಿನಲ್ಲಿ ತೂತು ಉಳಿಯುತ್ತದೆ. ಆದ್ದರಿಂದ ಹೆಚ್ಚು ಹಾಕಿದಷ್ಟೂ ಒಳ್ಳೆಯದು ಎಂಬ ಮಾತು ಇಲ್ಲಿ ನಡೆಯದು.

ಖರ್ಚು, ಅಪಾಯ

ಪೆಟ್ಟಿಗೆಗೆ ಹಾಕಿದ ಪುಡಿಯಲ್ಲಿ ವಸ್ತುವಾಗಿ ಬೆಸೆಯುವುದು ಸಾಮಾನ್ಯವಾಗಿ ನೂರಕ್ಕೆ 10ರಿಂದ 20 ಪಾಲು ಮಾತ್ರ. ಉಳಿದದ್ದು ಗಂಟೆಗಟ್ಟಲೆ ಕಾವಿನಲ್ಲಿ ಕೂತು ಮುದಿಯಾಗಿರುತ್ತದೆ. ಅದನ್ನೇ ಮತ್ತೆ ಬಳಸಿದರೆ ವಸ್ತುವಿನ ಮೈ ಕಿತ್ತಳೆ ಸಿಪ್ಪೆಯಂತೆ ಉಬ್ಬುತಗ್ಗಾಗುತ್ತದೆ. ಅದಕ್ಕೆ ಪ್ರತಿ ಬಾರಿಯೂ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಹೊಸ ಪುಡಿ ಬೆರೆಸಬೇಕು.

ಉರಿಯಬಲ್ಲ ಯಾವ ನುಣ್ಣನೆಯ ಪುಡಿಯೂ ಗಾಳಿಯಲ್ಲಿ ತೇಲುವಾಗ ಕಿಡಿ ತಾಗಿದರೆ ಸಿಡಿಯಬಹುದು. ಹಿಟ್ಟಿನ ಗಿರಣಿಗಳಲ್ಲೂ ಈ ಅಪಾಯವಿದೆ. ನ್ಯಾನೊ ಕಣಗಳಿಗೆ ಇನ್ನೊಂದು ಅಪಾಯ ಸೇರುತ್ತದೆ, ಅವು ಉಸಿರಿನೊಡನೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಬಟ್ಟೆಯ ಮಾಸ್ಕ್ ಅದನ್ನು ತಡೆಯದು. ಕಣವನ್ನು ಒಣಪುಡಿಯಾಗಿ ಕೈಗೆತ್ತಿಕೊಳ್ಳದೆ ನೀರಿನಲ್ಲೇ ಇಟ್ಟು ಬೆರೆಸುವ ವಿಧಾನವನ್ನು ನಾನು ಮೆಚ್ಚುವುದು ಈ ಕಾರಣಕ್ಕೂ ಹೌದು. ಬ್ಯಾರನ್ ಒಲೆಯ ಹೊಗೆ, ಅಕ್ಕಿ ಗಿರಣಿಯ ಧೂಳು ಕುಡಿದು ಕೆಮ್ಮುವವರನ್ನು ಕಂಡ ಊರುಗಳಿಗೆ ಈ ಎಚ್ಚರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದೇ ಕಾರ್ಖಾನೆಯನ್ನು ನೆಚ್ಚಿದರೆ ಏನಾಗುತ್ತದೆ ಎಂಬುದು 2012ರ ಮಾರ್ಚ್ 31ರಂದು ಗೊತ್ತಾಯಿತು. ಜರ್ಮನಿಯ ಮಾರ್ಲ್‌ನಲ್ಲಿ ನೈಲಾನ್-12ರ ಮೂಲವಸ್ತು ತಯಾರಿಸುವ ಘಟಕದಲ್ಲಿ ಸ್ಫೋಟವಾಗಿ ಇಬ್ಬರು ಕಾರ್ಮಿಕರು ಸತ್ತರು. ತಿಂಗಳುಗಟ್ಟಲೆ ಜಗತ್ತಿನ ಕಾರು ಕಂಪನಿಗಳು ಇಂಧನ ಕೊಳವೆ, ಬ್ರೇಕ್ ಕೊಳವೆಗಳಿಗೆ ನೈಲಾನ್ ಸಿಗದೆ ಪರದಾಡಿದವು. ಹರಳೆಣ್ಣೆಯ ನೈಲಾನಿನ ಕಡೆ ಹಲವರ ಕಣ್ಣು ಹೊರಳಲು ಅದೂ ಒಂದು ಕಾರಣ.

ಕಲಿಯಲು ಎಲ್ಲಿಗೆ ಹೋಗಬೇಕು

ಕರ್ನಾಟಕದಲ್ಲಿ ಈ ವಿದ್ಯೆಗೆ ನೆಲೆಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರ ಮತ್ತು ವಸ್ತು ಎಂಜಿನಿಯರಿಂಗ್ ವಿಭಾಗ, ಸಿ.ಎನ್.ಆರ್. ರಾವ್ ಅವರು ಕಟ್ಟಿದ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ ಬೆಂಗಳೂರಿನಲ್ಲಿವೆ. ಸುರತ್ಕಲ್‌ನ ಎನ್ಐಟಿಕೆಯಲ್ಲಿ ಹಾರುಬೂದಿಯ ಟೊಳ್ಳು ಗೋಲಿಗಳನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ತ್ರೀಡಿ ಪ್ರಿಂಟಿಂಗ್ ಎಳೆ ತೆಗೆದಿದ್ದಾರೆ. ಅದು ಪುಡಿಯಲ್ಲ, ದಾರ. ಲೇಸರ್ ಅಲ್ಲ, ಬಿಸಿ ಮೂತಿ. ಆದರೂ ಬೂದಿಯನ್ನು ಬೆಲೆಯುಳ್ಳ ಪದಾರ್ಥ ಮಾಡುವ ಯೋಚನೆ ಒಂದೇ.

ಇನ್ನೂ ಹತ್ತಿರದಲ್ಲಿ, ಮೈಸೂರಿನ ಜೆಎಸ್ಎಸ್ ವಿಜ್ಞಾನ ಮತ್ತು ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪಾಲಿಮರ್ ವಿಜ್ಞಾನಕ್ಕೇ ಒಂದು ವಿಭಾಗವಿದೆ. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೇಂದ್ರ ಸರ್ಕಾರದ ಸಿಪೆಟ್ ಇದೆ. ಎಸ್ಸೆಸ್ಸೆಲ್ಸಿ ಮುಗಿಸಿದವರು ಅಲ್ಲಿ ಪ್ಲಾಸ್ಟಿಕ್ ತಂತ್ರಜ್ಞಾನದ ಮೂರು ವರ್ಷದ ಡಿಪ್ಲೊಮಾ ಓದಬಹುದು. ನಾಲ್ಕು ತಾಲ್ಲೂಕುಗಳ ಪ್ರೌಢಶಾಲೆಯ ವಿಜ್ಞಾನ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಈ ಬಾರಿ ಮಕ್ಕಳನ್ನು ಮೈಸೂರಿಗೆ ಪ್ರವಾಸ ಕರೆದೊಯ್ಯುವಾಗ, ಮೊದಲೇ ಅನುಮತಿ ಕೇಳಿ, ಮೃಗಾಲಯ ಅರಮನೆಗಳ ಜೊತೆಗೆ ಅರ್ಧ ದಿನ ಸಿಪೆಟ್‌ಗೂ ಕೊಡಿ. ಹೋಗುವಾಗ ಒಂದು ಹಿಡಿ ಹರಳು ಬೀಜ, ಗಿರಣಿಯ ಹೊಟ್ಟಿನ ಬೂದಿ ಒಂದು ಪೊಟ್ಟಣ ಮಕ್ಕಳ ಕೈಯಲ್ಲಿರಲಿ, ಇವು ಏನಾಗಬಲ್ಲವು ಎಂದು ಅವರೇ ಅಲ್ಲಿ ಕೇಳಲಿ.